ಕಣ್ಣಿಗೆ ಕೊಟ್ಟ ಆರಾಮ

ಶಂಕರಲಿಂಗನ ಕಣ್ಣು ಕಂಪ್ಯೂಟರ್ ತಿಂತು ಅಂತ ಬಸವಕಲ್ಯಾಣದ ಮಂದಿ ಇವತ್ತಿಗೂ ಅಂತಾರ. ಚಾದ ದುಕಾನಿನಾಗ ಅಂತಾರ, ಬಸ್‌ಸ್ಟ್ಯಾಂಡಿನಾಗ ಅಂತಾರ. ಟಿ.ವಿ. ಮುಂದಿನಿಂದ ಏಳಲಾರದ ಮಕ್ಕಳಿಗೆ ತಾಯಂದಿರು ಅವನ ಹೆಸರು ಹೇಳಿ ಅಂಜಸ್ತಾರ. ಇದರಷ್ಟು ದೊಡ್ಡ ಸುಳ್ಳು ಈ ಊರಾಗ ಇನ್ನೊಂದಿಲ್ಲ. ಪಾಪ, ಯಂತ್ರಕ್ಕ ಬಾಯಿಲ್ಲ, ಅದರ ಮ್ಯಾಲ ಏನು ಹೊರಿಸಿದ್ರೂ ಸುಮ್ಮ ಕುಂತಿರತದ. ಕಣ್ಣು ಹೋಗಿದ್ದು ಖರೆ. ಆದ್ರ ಕಂಪ್ಯೂಟರಿನ ಮುಂದ ಕುಂತು ಹೋಗಲಿಲ್ಲ. ಅದರ ಮುಂದಿನಿಂದ ಎದ್ದು, ಕಣ್ಣಿಗೆ ಆರಾಮ ಕೊಡ್ತೀನಂತ ಒಂದು ಕಡೆ ಹೋಗಿ ಕುಂಡ್ರತಿದ್ದನಲ್ಲ, ಅಲ್ಲಿ ಹೋದವು. ಅದನ್ನ ಯಾರೂ ಹೇಳಂಗಿಲ್ಲ, ಯಾಕಂದ್ರ ಅದನ್ನ ಹೇಳಬೇಕಂದ್ರ ತಮ್ಮ ಬಾಯಿಂದ ಬಂದ ಮಾತೂ ಹೇಳಬೇಕಾಗತದ.

ಶಂಕರಲಿಂಗ ಮೊದಲು ಅಚ್ಚಿನ ಮೊಳೆ ಜೋಡಿಸಾವ. ಅಜೀಮುದ್ದೀನ್ ಅಂತ ಒಬ್ಬಾಂವ ಪ್ಯಾಟಿ ಸಂದ್ಯಾಗ ಪ್ರೆಸ್ ಇಟ್ಟಿದ್ದ. ಲಗ್ನಪತ್ರಿಕಿ, ಜವಳದ ಪತ್ರಿಕಿ, ತೀರಿಹೋದವರ ಹನ್ನೊಂದನೇ ದಿನದ ಕಾರ್ಡು, ಕನ್ನಡದಾಗ, ಮರಾಠಿಯೊಳಗ, ಉರ್ದುನಾಗ, ಯಾರಿಗೆ ಯಾವುದು ಬೇಕೋ ಅದು. ಸೀಸದ ಮೊಳೆ ಮ್ಯಾಲ ಅಕ್ಷರ ಉಲ್ಟಾ ಇರ್ತಾವ. ಆ ಉಲ್ಟಾ ಅಕ್ಷರ ನಮ್ಮ ನಿಮ್ಮಂಥವರು ಸುಲ್ಟಾ ಓದೋಕಿಂತ ಜಲ್ದಿ ಅವ ಓದ್ತಿದ್ದ. "ಶಂಕರನ ನಜರ್ ಅಂದ್ರ ಹದ್ದಿನ ನಜರ್," ಅಂತ ಅಜೀಮುದ್ದೀನ್ ಗಿರಾಕಿ ಮುಂದ ಬಡಾಯಿ ಕೊಚ್ಚತಿದ್ದ. ಶಂಕರಲಿಂಗಗ ಆಸ್ತಿ ಅಂತ ಇದ್ದಿದ್ದು ಆ ಎರಡು ಕಣ್ಣು. ಅಪ್ಪ ಹುಮನಾಬಾದಿನ ಧಾನ್ಯದ ಪ್ಯಾಟ್ಯಾಗ ಹಮಾಲಿ ಮಾಡಾವ, ಚೀಲ ಹೊತ್ತು ಹೊತ್ತು ಬೆನ್ನು ಮುರಕೊಂಡು ಬೇಗನ ಹೋಗಿಬಿಟ್ಟ. ಅವ್ವ ಶಕುಂತಲಾಬಾಯಿ ಮಂದಿ ಮನ್ಯಾಗ ರೊಟ್ಟಿ ಬಡದು ಮಗನ್ನ ದೊಡ್ಡವ ಮಾಡಿದಳು. ಮನೀಷಾ ಸೊಸಿಯಾಗಿ ಬಂದಳು, ಪೂನಂ ಅಂತ ಒಂದು ಹೆಣ್ಣುಕೂಸು ಆತು. ಎಲ್ಲರ ಹೊಟ್ಟಿ ಆ ಕಣ್ಣಿನ ಮ್ಯಾಲ ನಡೀತಿತ್ತು.

ತೊಂಬತ್ತರ ದಶಕ ಮುಗಿಯೋ ಹೊತ್ತಿಗೆ ಅಜೀಮುದ್ದೀನ್ ಹೈದರಾಬಾದಿನಿಂದ ಕಂಪ್ಯೂಟರ್ ತಂದ. ಮೊಳೆಗೋಳೆಲ್ಲ ಗೋಣಿಚೀಲಕ್ಕ ಹೋದವು. ಶಂಕರಲಿಂಗ ದಿನಾ ಬಸ್ ಹಿಡದು ಹುಮನಾಬಾದಿಗೆ ಹೋಗಿ, ಅಲ್ಲಿ ಒಂದು ಟೈಪಿಂಗ್ ಕ್ಲಾಸಿನಾಗ ಸಣ್ಣ ಸಣ್ಣ ಹುಡುಗರ ನಡುವ ಕುಂತು ಕಂಪ್ಯೂಟರ್ ಕಲತು ಬಂದ. ನಾಚಿಕಿ ಪಡಲಿಲ್ಲ. ಕೆಲಸ ಅಂದ್ರ ಅವಂಗ ಹಟ. ಮುಂಜಾನಿ ಕುಂತಾಂವ ಸಂಜಿತನಕ ಆ ಡಬ್ಬಿ ಮುಂದ ಕುಂತಿರತಿದ್ದ, ಲಗ್ನದ ಸೀಜನ್ ಬಂತಂದ್ರ ಊಟಾನೂ ಅಲ್ಲೇ.

ಕಣ್ಣು ನೋಯಾಕ ಹತ್ತಿದವು. ಹುಬ್ಬಿನ ಮ್ಯಾಲ ಯಾರೋ ಹೆಬ್ಬೆರಳ ಒತ್ತಿ ಹಿಡದಂಗ. ಊರ ಮಂದಿಗೆ ಅಷ್ಟ ಸಾಕಾತು. "ಆ ಕಂಪ್ಯೂಟರಿನ ಪರದಾ ನೋಡಬ್ಯಾಡಪ್ಪೋ, ಬೆಂಕಿ ಅದು!" ಅಂದ್ರು. ಅಜೀಮುದ್ದೀನ್ ಪರದಾದ ಮುಂದ ತೂಗುಬಿಡಾಕ ಒಂದು ಕರಿ ಜಾಳಿಗಿ ಗಾಜು ತರಿಸಿದ. ಹುಮನಾಬಾದಿನ ಚಶ್ಮಾದ ದುಕಾನಿನವ ಅಕ್ಷರದ ಪಟ್ಟಿ ಓದಿಸಿ ನೋಡಿ, "ನಂಬರ್ ಭಾಳೇನಿಲ್ರಿ. ನಡುನಡುವ ಎದ್ದು ಕಣ್ಣಿಗೆ ಆರಾಮ ಕೊಡ್ರಿ. ಕೆಲಸ ಎಲ್ಲೂ ಓಡಿ ಹೋಗಂಗಿಲ್ಲ," ಅಂದ. ಆ ಮಾತು ತಪ್ಪಲ್ಲ. ಯಾರ ಮಾತೂ ತಪ್ಪಿರಲಿಲ್ಲ ಆಗ.

ಏಳ್ರಿ ಅಂದ್ರ ಏಳಾಕ ಒಂದು ನೆಪ ಬೇಕಲ್ಲ? ನೆಪ ಅಜೀಮುದ್ದೀನ್ ಕೊಟ್ಟ. ಮಸೂತಿಯಿಂದ ಬಾಂಗ್ ಕೇಳಿತಂದ್ರ ಅವ ಕೈಕಾಲು ತೊಳಕೊಂಡು ನಮಾಜಿಗೆ ಹೊಂಡಾಂವ. "ನೋಡು ಶಂಕರ್, ನಾ ಎದ್ದಾಗ ನೀನೂ ಏಳು," ಅಂದ. "ಪರದಾ ಬಂದ್. ಗಿರಾಕಿ ಬಂದು ಎಷ್ಟರ ಒದರಲಿ. ದುನಿಯಾ ಏನು ನಮ್ಮ ಲಗ್ನಪತ್ರಿಕಿ ಮ್ಯಾಲ ನಿಂತದೇನು?"

ಅವತ್ತಿನಿಂದ ಅದು ಪ್ರೆಸ್ಸಿನ ಕಾನೂನಾತು. ಬಾಂಗ್ ಆತಂದ್ರ ಶಂಕರಲಿಂಗ ಬರದ ಶಬ್ದ ಅರ್ಧಕ್ಕ ಬಿಟ್ಟು ಪರದಾದ ಗುಂಡಿ ಒತ್ತತಿದ್ದ. ಗಿರಾಕಿಗೋಳು ಚೇಷ್ಟಿ ಮಾಡದ ಬಿಟ್ಟಾರೇನು? "ಏನಪ್ಪಾ ಶಂಕ್ರಾ, ಬಾಂಗ್ ಕೇಳಿ ನೀನೂ ಏಳಾಕತ್ತಿ? ಜಾತಿ ಕೆಟ್ಟಿ ಬಿಡು!" ಅಂದ್ರ, "ಜಾತಿ ಕೆಟ್ರ ಚಿಂತಿಲ್ರಿ, ಕಣ್ಣು ಕೆಡಬಾರದು," ಅಂತಿದ್ದ.

ಅಜೀಮುದ್ದೀನ್ ಬಿಸಲಾಗ ಮಸೂತಿಗೆ ಹೋಗಿ ನಾಕು ಮಂದಿ ಮಾತಾಡಿಸಿ ಬರತಿದ್ದ. ಶಂಕರಲಿಂಗ ಹೊರಗ ಹೋಗಲಿಲ್ಲ. ಪ್ರೆಸ್ಸಿನ ಹಿಂದ ಕಾಗದದ ರೀಮು ಇಡೋ ಒಂದು ಖೋಲಿ, ಅದಕ್ಕ ಕಿಡಕಿ ಇಲ್ಲ. ಅಲ್ಲಿ ಹೋಗಿ ಬಾಗಿಲ ಮುಂದ ಮಾಡಿ, ಒಂದು ಸಣ್ಣ ಹಣತಿ ಹಚ್ಚಿ, ಕೊರಳಾಗಿನ ಲಿಂಗ ಬಿಚ್ಚಿ ಎಡಗೈ ಅಂಗೈಯಾಗ ಇಟ್ಟುಕೊಂಡು ಕುಂಡ್ರತಿದ್ದ. ಮನ್ಯಾಗ ಮುಂಜಾನಿ ಮಾಡೋ ಪೂಜಾ ಬ್ಯಾರೆ, ಅದು ಗಡಿಬಿಡಿ. ಇಲ್ಲಿ ಯಾರ ಕಾಟಾನೂ ಇಲ್ಲ. ಕತ್ತಲ, ತಂಪು, ಕಾಗದದ ವಾಸನಿ. ಕರಿ ಲಿಂಗದ ಮೈಮ್ಯಾಲ ದೀಪದ ಒಂದು ಚುಕ್ಕಿ ಮೂಡತಿತ್ತು. ಗೋಣು ಬಾಗಿಸಿ ಅದನ್ನ ನೋಡಕೋಂತ ಕುಂತ್ರ ತಲ್ಯಾಗಿನ ಗದ್ದಲೆಲ್ಲ ನಿಲ್ಲತಿತ್ತು. ಅವನ ಜನ್ಮದಾಗ ಅಷ್ಟು ಸುಖ ಅವಂಗ ಯಾವುದೂ ಕೊಟ್ಟಿರಲಿಲ್ಲ. ಹಮಾಲನ ಮಗಗ ಸುಮ್ಮ ಕುಂಡ್ರೂದು ಅಂದ್ರ ಏನಂತ ಅಲ್ಲೀತನಕ ಗೊತ್ತಿರಲಿಲ್ಲ.

ಹಿಂಗ ಒಂದಿಷ್ಟು ಕಾಲ ನಡೀತು. ಒಂದಿನ ಸಂಜಿಮುಂದ ಕುಂತಾಗ ಆ ಚುಕ್ಕಿ ಸುತ್ತ ಒಂದು ಬಳೆ ಕಾಣಸ್ತು. ಒಳಗ ನೀಲಿ, ಹೊರಗ ಕೆಂಪು, ನಡುವ ಎಲ್ಲಾ ಬಣ್ಣ. ಕಣ್ಣು ಮುಚ್ಚಿ ತಗದ. ಅಲ್ಲೇ ಇತ್ತು. ಶಿವನ ಬೆಳಕು ಕಂಡಿತಂತ ಮೈ ಝುಂ ಅಂತು. ಹುಬ್ಬಿನ ಮ್ಯಾಲಿನ ನೋವು ಅವತ್ತು ಜರಾ ಜಾಸ್ತೀನ ಇತ್ತು, ಆದ್ರ ಅಂಥಾ ಹೊತ್ತಿನಾಗ ನೋವಿನ ಕಡೆ ಯಾರಿಗೆ ಲಕ್ಷ್ಯ? ಎದ್ದು ಹೊರಗ ಬಂದು ಬೆಳಕಿನಾಗ ಒಂದು ಘಳಿಗಿ ನಿಂತ ಮ್ಯಾಲ ನೋವೂ ಹೋತು, ಬಳೀನೂ ಹೋತು.

ಯಾರಿಗೂ ಹೇಳಬಾರದು ಅನಕೊಂಡಿದ್ದ. ಆದ್ರ ಅವತ್ತ ಮನಿಗೆ ಬಂದ್ರ ಅವ್ವ ಮಾರಿ ಗ್ವಾಡಿಕಡೆ ಮಾಡಿ ಕುಂತಿದ್ದಳು. ಸೋಮವಾರ. ಸೋಮವಾರಕ್ಕೊಮ್ಮಿ ಕಿರಾಣಿ ಬಕ್ಕಪ್ಪನ ದೊಡ್ಡ ಮನ್ಯಾಗ ಹೆಂಗಸರು ಕೂಡಿ ಹಾಡತಿದ್ರು. ಬಕ್ಕಪ್ಪ ಅಂದ್ರ ಆ ಓಣ್ಯಾಗ ಹಿರಿಯಾ, ಅವನ ಮಾತು ಅಂದ್ರ ಮಾತು. ಶಕುಂತಲಾಬಾಯಿ ವರ್ಷಾನುಗಟ್ಟಲೆ ಆ ಮನಿಗೆ ಹೋದ್ರೂ ಅಕಿ ಜಾಗಾ ಬಾಗಿಲ ಹತ್ರ, ಚಪ್ಪಲಿ ಬಿಡೋ ಕಡೆ. ಅವತ್ತ ಯಾರೋ ಸಾಹುಕಾರ ಮನಿಯಾಕಿ ಬಂದಳಂತ ಅಲ್ಲಿಂದಾನೂ ಎಬ್ಬಿಸಿದ್ರಂತ. "ನನ್ನ ಹಣಿಬಾರಾನ ಇಷ್ಟು ಬಿಡು," ಅಂದಳು ಅವ್ವ. ಕಣ್ಣಾಗ ನೀರಿತ್ತು.

ಮಗನ ಕರುಳು ತಡಕೊಳ್ಳಲಿಲ್ಲ. "ಅವ್ವಾ, ಒಂದು ಮಾತ ಹೇಳ್ತೀನಿ, ಯಾರ ಮುಂದೂ ಅನಬ್ಯಾಡ," ಅಂತ ಬಳಿ ಕಂಡದ್ದು ಹೇಳಿದ.

ಅಕಿ ಅವನ ಮಾರಿ ಎರಡೂ ಕೈಲೆ ಹಿಡದು ನೋಡಿದಳು. ಆಮ್ಯಾಲ ನಿವಾಳಿಸಿ ನೆಟಿಕಿ ಮುರದು ಅಳಾಕ ಹತ್ತಿದಳು. "ನನ್ನ ಹೊಟ್ಟ್ಯಾಗ ಹುಟ್ಟಿದವಗ ಕಂಡಿತಲ್ಲೋ ಯಪ್ಪಾ! ನನ್ನ ಹೊಟ್ಟ್ಯಾಗ!" ಯಾರ ಮುಂದೂ ಅನಬ್ಯಾಡ ಅಂದ್ರ ಅನದ ಇರ್ತಾಳೇನು? ಮರುದಿನ ಸೂರ್ಯ ನೆತ್ತಿಗೇರೋದ್ರಾಗ ಓಣಿ ತುಂಬ ಖಬರ್ ಆಗಿತ್ತು.

ಬಕ್ಕಪ್ಪ ಕರಿಸಿಕೊಂಡ. ಶಂಕರಲಿಂಗ ಅಂಜಿಕೋಂತ ಹೋಗಿ ನಿಂತ. ಬಕ್ಕಪ್ಪ ಕೆಟ್ಟಾಂವ ಅಲ್ಲ, ಭಕ್ತಿ ಇದ್ದಾಂವ. ಹ್ಯಾಂಗ ಕಾಣಸ್ತು, ಎಷ್ಟೊತ್ತು ಇತ್ತು, ಎಲ್ಲಾ ಕೇಳಿದ. ಕೇಳಿ ಕೈಮುಗದ. "ಇದು ಎಲ್ಲಾರಿಗೂ ಆಗೂದಲ್ಲ ತಮ್ಮಾ. ನಾ ಇಷ್ಟು ವರ್ಷ ಕುಂತೀನಿ, ನನಗ ಚುಕ್ಕಿ ಬಿಟ್ರ ಏನೂ ಕಂಡಿಲ್ಲ. ನೀ ಬಿಡಬ್ಯಾಡ. ಇನ್ನಷ್ಟು ಹೊತ್ತು ಕುಂಡ್ರು," ಅಂದ.

ಅಷ್ಟು ದೊಡ್ಡ ಮನುಷ್ಯಾ ತನಗ ಕೈಮುಗದದ್ದು ನೋಡಿ ಶಂಕರಲಿಂಗನ ಕಾಲು ನೆಲದ ಮ್ಯಾಲ ನಿಲ್ಲಲಿಲ್ಲ. ಯಾರಿಗರ ಹಿಗ್ಗು ಆಗದ ಇರತದೇನು? ಮುಂದಿನ ಸೋಮವಾರ ಶಕುಂತಲಾಬಾಯಿಗೆ ಚಪ್ಪಲಿ ಹತ್ರ ಕುಂಡ್ರಾಕ ಬಿಡಲಿಲ್ಲ. ಕೈ ಹಿಡದು ಒಳಗ ಕರಕೊಂಡು ಹೋಗಿ ಎಲ್ಲಾರ ಮುಂದ ಕುಂಡ್ರಿಸಿದ್ರು. ಶಂಕ್ರನ ಅವ್ವ ಅಂತ ಹಣಿಗೆ ವಿಭೂತಿ ಹಚ್ಚಿದ್ರು. ರೊಟ್ಟಿ ಬಡದು ಬಡದು ಬಿರುಸಾದ ಆ ಕೈಯಾಗ ಹೂವು ಕೊಟ್ರು. ಅಕಿ ಅವತ್ತ ಮನಿಗೆ ಬಂದದ್ದು ನೋಡಬೇಕಿತ್ತು, ಹತ್ತು ವರ್ಷ ಸಣ್ಣಾಕಿ ಆಗಿದ್ದಳು.

ಹಾಂಗಾಗಿ ಪ್ರೆಸ್ಸಿನ ಆರಾಮದ ಹೊತ್ತು ಬೆಳೀತು. ಅಜೀಮುದ್ದೀನ್ ನಮಾಜು ಮುಗಿಸಿ ಬಂದು, ಚಾ ಕುಡದು, ಬೀಡಿ ಸೇದಿ ಮುಗಿಸಿದ್ರೂ ಖೋಲಿ ಬಾಗಿಲ ತಗೀತಿರಲಿಲ್ಲ. ಓಣ್ಯಾಗಿನ ಹೆಂಗಸರೂ ಕಲತರು. ಶಂಕ್ರ ಕತ್ತಲಾಗ ಕುಂಡ್ರತಾನಂತ ತಾವೂ ದೇವರ ಜಗಲಿ ಖೋಲಿ ಕಿಡಕಿಗೆ ಗೋಣಿತಾಟು ಬಡದು ಕುಂಡ್ರಾಕ ಹತ್ತಿದ್ರು. ಎಲ್ಲಾರಕಿಂತ ಮೊದಲು ಕಿಡಕಿ ಮುಚ್ಚಿದಾಕಿ ಶಕುಂತಲಾಬಾಯಿ. "ನಂಗೂ ಒಮ್ಮಿ ಕಾಣಲೆಪ್ಪಾ, ಒಂದ ಸಲ," ಅಂತ ದಿನಾ ಬೇಡಿಕೊಳ್ಳತಿದ್ದಳು.

ಇಲ್ಲಿಗೆ ಮಾತು ನಿಂತಿದ್ರ ಏನೂ ಇರಲಿಲ್ಲ. ಒಮ್ಮಿ ಕಾಗದದ ಕೆಲಸದ ಮ್ಯಾಲ ಹುಮನಾಬಾದಿಗೆ ಹೋಗಿದ್ದ. ಬರೂವಾಗ ಬಸ್ಸಿನಾಗ ಕಿಡಕಿ ಕಡೆ ಕುಂತಿದ್ದ, ಹೊತ್ತು ಮುಣಗಿ ಆಗಷ್ಟ ಕತ್ತಲ ಬೀಳಾಕತ್ತಿತ್ತು. ಹಳ್ಳಿಖೇಡದ ಸಕ್ಕರಿ ಕಾರ್ಖಾನಿ ಕಡೆ ಕಬ್ಬಿನ ಲಾರಿಗೋಳು ಸಾಲಾಗಿ ಹೊಂಟಿದ್ದವು. ಎದುರಿಗೆ ಬರೋ ಲಾರಿಯ ದೀಪ ನೋಡಿದ. ಅದರ ಸುತ್ತ ಬಳೆ. ಒಳಗ ನೀಲಿ, ಹೊರಗ ಕೆಂಪು. ಹಿಂದಿನ ಲಾರಿಗೂ ಇತ್ತು. ರೋಡಿನ ಬಾಜೂಕಿನ ಢಾಬಾದ ಬಲ್ಬಿಗೂ ಇತ್ತು, ಪಾನಪಟ್ಟಿ ಡಬ್ಬಿ ಮುಂದ ತೂಗಬಿಟ್ಟ ಟ್ಯೂಬಲೈಟಿಗೂ ಇತ್ತು.

ಶಿವ ಲಾರ್ಯಾಗ ಬರತಾನೇನು? ಢಾಬಾದ ಬಲ್ಬಿನಾಗ ಇರತಾನೇನು? ಇರಬಹುದು, ಎಲ್ಲಾ ಕಡೆ ಅವನ ಅದಾನಲ್ಲ ಅಂತ ಸಮಾಧಾನ ಮಾಡಿಕೊಳ್ಳಾಕ ನೋಡಿದ. ಆದ್ರ ಆಗಲಿಲ್ಲ. ಇದು ದೇವರದಲ್ಲ, ಇದು ನನ್ನ ಕಣ್ಣಿಂದು, ಏನೋ ಕೆಟ್ಟದ ಅಂತ ಅವಂಗ ಆ ಬಸ್ಸಿನಾಗ ಗೊತ್ತಾತು. ಖರೇ ಹೇಳ್ತೀನಿ, ಅವತ್ತ ಗೊತ್ತಾತು. ಮನಿಗೆ ಹೋಗಿ ಹೇಳಿಬಿಡಬೇಕು, ಮುಂಜಾನೆದ್ದು ದವಾಖಾನಿಗೆ ಹೋಗಬೇಕು ಅಂತ ಗಟ್ಟಿ ಮಾಡಿಕೊಂಡು ಬಸ್ ಇಳದ.

ಮನ್ಯಾಗ ಆರೇಳು ಹೆಂಗಸರು ಕುಂತಿದ್ರು. ನಡುವ ಅವ್ವ. ಕೊಹಿನೂರ ಹಳ್ಳಿಯಿಂದ ಒಬ್ಬ ಗೌಡತಿ ತನ್ನ ಸೊಸಿ ಕರಕೊಂಡು ಬಂದಿದ್ದಳು, ಕೂಸು ಆಗಲಿ ಅಂತ ಶಂಕ್ರನ ಅವ್ವನ ಕೈಲೆ ಉಡಿ ತುಂಬಿಸಿಕೊಳ್ಳಾಕ. ಅವ್ವ ನಕ್ಕೋಂತ, ಅದೂ ಹೊಟ್ಟಿತುಂಬ ನಕ್ಕೋಂತ ಉಡಿ ತುಂಬಾಕತ್ತಿದ್ದಳು. ಮಗ ಬಾಗಿಲಾಗ ನಿಂತದ್ದು ನೋಡಿ, "ಬಂದ ನೋಡ್ರಿ ನನ್ನ ಬಂಗಾರ," ಅಂದಳು. ಎಲ್ಲಾರೂ ಎದ್ದು ನಿಂತ್ರು.

ಅವ ಚಪ್ಪಲಿ ಬಿಟ್ಟು ಒಳಗ ಬಂದ. ಅವತ್ತ ಹೇಳಲಿಲ್ಲ, ಮರುದಿನ ಹೇಳಲಿಲ್ಲ. ಒಮ್ಮಿ ನುಂಗಿದ ಮಾತು ಮುಂದ ಮುಂದ ದೊಡ್ಡದಾಗತದ, ಗಂಟಲಾಗ ಹಾಯಂಗಿಲ್ಲ. ಇದೆಲ್ಲ ಆ ಪರದಾದ ಕಾಟ, ಅದನ್ನ ಇನ್ನಷ್ಟು ಬಂದ್ ಇಟ್ರ ತಾನ ಹೋಗತದ ಅಂತ ತನಗ ತಾನ ಹೇಳಿಕೊಂಡ. ಮತ್ತಷ್ಟು ಸಲ ಎದ್ದ. ಮತ್ತಷ್ಟು ಹೊತ್ತು ಆ ಕತ್ತಲ ಖೋಲ್ಯಾಗ ಹೋಗಿ ಗೋಣು ಬಾಗಿಸಿ ಕುಂತ. ಈಗ ಅವಂಗ ಅದರಾಗ ಸುಖ ಇರಲಿಲ್ಲ. ಬಳೆ ಇವತ್ತರ ಕಾಣಬಾರದು ಅಂತ ಬೇಡಿಕೊಂಡು ಕುಂಡ್ರತಿದ್ದ, ಅದು ಕಾಣತಿತ್ತು.

ವರ್ಷ ಕಳದವು. ಎದುರಿಗೆ ನೆಟ್ಟಗ ನೋಡಿದ್ದು ಚೊಲೋ ಕಾಣತಿತ್ತು, ಹಾಂಗಾಗಿ ಟೈಪಿಂಗ್ ನಡೀತಿತ್ತು. ಬಾಜೂಕಿಂದು ಕಾಣವಲ್ದು ಅಂತ ಅವಂಗ ಗೊತ್ತಾಗಲೇ ಇಲ್ಲ. ಸಂದ್ಯಾಗ ಬಂಡಿಗೆ ಹಾಯ್ದ. ಶಾಯಿ ಡಬ್ಬಿ ಒದ್ದ. ಒಂದಿನ ಪೂನಂ ಬಲಗಡಿಯಿಂದ ಓಡಿ ಬಂದದ್ದು ಕಾಣದ, ಕೈಯಾಗಿನ ಬಿಸಿ ಚಾ ಆ ಕೂಸಿನ ಹೆಗಲ ಮ್ಯಾಲ ಸುರವಿದ. ಮಗಳ ಚೀರಾಟ ಕೇಳಿ ನಿಂತಲ್ಲೇ ಕುಸದು ಕುಂತ. ಸುಟ್ಟ ಗಾಯ ಮಾಯ್ತು, ಆದ್ರ ಪೂನಂ ಅಪ್ಪನ ಬಲಗಡೆ ಬರೂದು ಬಿಟ್ಟಳು.

"ಶಂಕರ್, ದವಾಖಾನಿಗೆ ನಡಿ," ಅಂದ ಅಜೀಮುದ್ದೀನ್. "ನಾ ಬರ್ತೀನಿ ಜೋಡಿ. ನಿನ್ನ ನಜರ್ ಸರಿ ಇಲ್ಲ."

"ಪರದಾ ಬಂದ್ ಮಾಡಾಕತ್ತೀನಲ್ರಿ ಅಜೀಮಭಾಯ್. ಆರಾಮ ಕೊಟ್ರ ಸರಿಯಾಗತದ."

"ಅರೇ, ಎಷ್ಟು ಆರಾಮ ಕೊಡ್ತಿ ಯಾರ್? ನನಗಿಂತ ಜಾಸ್ತಿ ನೀನ ನಮಾಜ್ ಮಾಡಾಕತ್ತಿ!" ಅಂದ ಅಜೀಮುದ್ದೀನ್ ಸಿಟ್ಟಿಲೆ.

ಎರಡು ಸಾವಿರದ ನಾಕನೇ ಇಸವಿ ಶ್ರಾವಣದಾಗ ಒಂದು ಸೋಮವಾರ, ಖೋಲಿಯಿಂದ ಹೊರಗ ಬಂದಾಂವ ಬಾಗಿಲಾಗ ವಾಂತಿ ಮಾಡಿಕೊಂಡು ಬಿದ್ದ. ಬಲಗಣ್ಣು ಕೆಂಪಗ ಕೆಂಡ ಆಗಿತ್ತು. ತಲಿ ಒಡದು ಹೋಗತದ ಅಂತ ಗ್ವಾಡಿಗೆ ಹಣಿ ಬಡಕೊಂಡ. ಮನಿಗೆ ತಂದು ಮಲಗಿಸಿದ್ರು. ಪಿತ್ತ ಅಂದ್ರು ಕೆಲವರು, ಉಪವಾಸದ ಝಳ ಅಂದ್ರು ಕೆಲವರು. ಬಕ್ಕಪ್ಪನ ಮನಿ ಹೆಂಗಸರು ಬಂದು, "ಅಷ್ಟು ಬೆಳಕು ತಡಕೊಳ್ಳೂದು ಸಣ್ಣ ಮಾತಲ್ಲ," ಅಂತ ಹೋದ್ರು. ಶಕುಂತಲಾಬಾಯಿ ಮಗನ ತಲಿ ತೊಡಿ ಮ್ಯಾಲ ಇಟಗೊಂಡು ಎಣ್ಣಿ ತಿಕ್ಕಿದಳು. ಅಜೀಮುದ್ದೀನ್ ಇಷ್ಟೊತ್ತು ತಡಕೊಂಡು ನಿಂತಾಂವ, ಮನೀಷಾಗ ಒಂದು ಬಾಜೂಕ ಕರದು, "ಬೆಹನ್, ಹುಮನಾಬಾದಿನಾಗ ಕಣ್ಣಿನ ಶಿಬಿರ ಅದ. ನಾ ಜೀಪ್ ತರ್ತೀನಿ. ಯಾರ ಮಾತೂ ಕೇಳಬ್ಯಾಡ," ಅಂದ.

ಶಿಬಿರ ಒಂದು ಸಾಲ್ಯಾಗ ಇತ್ತು. ಡಾಕ್ಟರ್ ಹೆಣ್ಣುಮಗಳು, ದಣಿದಿದ್ದಳು. ಕಣ್ಣಾಗ ಹನಿ ಹಾಕಿ, ಯಂತ್ರಕ್ಕ ಗದ್ದ ಇಡಿಸಿ, ಭಾಳೊತ್ತು ನೋಡಿದಳು. ಆಮ್ಯಾಲ ಕುರ್ಚಿ ಹತ್ರ ಎಳಕೊಂಡು ಮೆತ್ತಗ ಕೇಳಿದಳು, "ದೀಪ ನೋಡಿದ್ರ ಅದರ ಸುತ್ತ ಬಣ್ಣದ ಬಳೆ ಕಾಣತದೇನ್ರಿ?"

ಶಂಕರಲಿಂಗ ತಲಿ ತಗ್ಗಿಸಿದ. ಬಾಜೂಕ ನಿಂತ ಮನೀಷಾನ ಮಾರಿ ಅರಳಿತು. "ಹೌದ್ರಿ ಡಾಕ್ಟರಬಾಯಿ! ನಿಮಗ ಹ್ಯಾಂಗ ಗೊತ್ತಾತ್ರಿ? ನಮ್ಮವರಿಗೆ ವರ್ಷಾನುಗಟ್ಟಲೆ ಕಾಣಾಕತ್ತದ್ರಿ. ಊರಮಂದಿ ಬಂದು ಕೈಮುಗೀತಾರ," ಅಂದಳು.

ಡಾಕ್ಟರ್ ಕೈಯಾಗಿನ ಬ್ಯಾಟರಿ ಆರಿಸಿ ಮೇಜಿನ ಮ್ಯಾಲ ಇಟ್ಟಳು. ಅಕಿ ಮಾರಿ ನೋಡಿ ಮನೀಷಾನ ನಗಿ ತಾನ ಇಳದು ಹೋತು.

"ಇದಕ್ಕ ಕಾಚಬಿಂದು ಅಂತಾರ," ಅಂದಳು ಡಾಕ್ಟರ್. "ಕಣ್ಣಾಗಿನ ನೀರು ಹೊರಗ ಹೋಗೋ ಹಾದಿ ಮುಚ್ಚಿ, ಒಳಗ ಒತ್ತಡ ಏರತದ. ಏರಿದಾಗ ಬಳೆ ಕಾಣತದ. ಬಲಗಣ್ಣು ಹೋಗ್ಯದ್ರಿ. ಎಡಗಣ್ಣಾಗ ನಡುವಿಂದು ಇಷ್ಟು ಉಳದದ, ಅದನ್ನ ಉಳಿಸಾಕ ನೋಡೋಣು. ಹೋದದ್ದು ಬರಂಗಿಲ್ಲ."

"ಕಂಪ್ಯೂಟರಿನಿಂದ ಹಿಂಗಾತೇನ್ರಿ?" ಅಂತ ಅಜೀಮುದ್ದೀನ್ ಕೇಳಿದ. ಆ ಯಂತ್ರ ತಂದಾಂವ ತಾನ ಅಂತ ಅವನ ಜೀವ ಬಾಯಿಗೆ ಬಂದಿತ್ತು.

"ಇಲ್ಲ. ಅದರಿಂದ ಕಣ್ಣು ಒಣಗತಾವ, ದಣೀತಾವ. ಎದ್ದು ಆರಾಮ ಕೊಟ್ಟದ್ದು ಚೊಲೋನ. ಆದ್ರ ಎಲ್ಲಿ ಕುಂಡ್ರತಿದ್ರಿ?"

ಶಂಕರಲಿಂಗ ಖೋಲಿ ವಿಷಯ ಹೇಳಿದ. ಕತ್ತಲ, ಹಣತಿ, ಬಾಗಿಸಿದ ಗೋಣು. ಡಾಕ್ಟರ್ ಹಣಿಗೆ ಕೈ ಹಚ್ಚಿದಳು. "ಇಂಥ ಕಣ್ಣಿಗೆ ಕತ್ತಲನ ಆಗಂಗಿಲ್ಲ. ಕತ್ತಲಾಗ ಆ ಹಾದಿ ಮತ್ತಷ್ಟು ಮುಚ್ಚತದ. ಪೂಜಾ ಬಯಲಾಗ, ಬೆಳಕಿನಾಗ ಮಾಡಿದ್ರ ಏನೂ ಆಗತಿರಲಿಲ್ಲ. ಮೊದಲ ಬಳೆ ಕಂಡಾಗ ಬಂದಿದ್ರ ಕಣ್ಣಾಗ ಒಂದು ಸಣ್ಣ ಕಿಂಡಿ ಮಾಡಿ ಅವತ್ತ ಮನಿಗೆ ಕಳಸ್ತಿದ್ವಿ." ಆಮ್ಯಾಲ ನೆನಪಾದಂಗ ಅಂದಳು, "ಇದು ಮನಿತನದಾಗ ಬರತದ. ತಾಯಿ ಅದಾರೇನು? ಅವರನ್ನ ತಡ ಮಾಡದ ಕರಕೊಂಡು ಬರ್ರಿ."

ಜೀಪಿನಾಗ ಶಂಕರಲಿಂಗನ ಕಿವ್ಯಾಗ ಒಂದ ಮಾತು ಕುಟ್ಟಾಕತ್ತಿತ್ತು, ಮೊದಲ ಬಳೆ ಕಂಡಾಗ. ಆ ಬಸ್ಸಿನಾಗ ಗೊತ್ತಾದಾಗ ಬಂದಿದ್ರೂ ಎರಡೂ ಕಣ್ಣು ಉಳೀತಿದ್ದವು. ಅವ್ವನ ಒಂದು ನಗಿ ಉಳಿಸಾಕ ಹೋಗಿ ಮನಿಮಂದಿ ಹೊಟ್ಟಿಮ್ಯಾಲ ಬರಿ ಎಳದೆ ಅಂತ ಬಿಕ್ಕಿ ಬಿಕ್ಕಿ ಅತ್ತ. ಮನೀಷಾ ಸೆರಗ ಬಾಯಾಗ ತುರಕೊಂಡು ಹೊರಗ ನೋಡಿಕೋಂತ ಕುಂತಿದ್ದಳು.

ಮನಿ ಮುಂದ ಇಳದ್ರ ಶಕುಂತಲಾಬಾಯಿ ಅಂಗಳಕ್ಕ ಓಡಿ ಬಂದಳು. ಡಾಕ್ಟರ್ ಏನಂದ್ರು ಅಂತಾನೂ ಕೇಳಲಿಲ್ಲ. ಅಕಿ ಮಾರಿ ಮ್ಯಾಲ ಅಂಥಾ ಕಳಾ ಮಗ ಎಂದೂ ನೋಡಿರಲಿಲ್ಲ. ಅವನ ಕೈ ಹಿಡದು ಕಿವ್ಯಾಗ ಅಂದಳು, "ಯಪ್ಪಾ, ಇವತ್ತ ನಂಗೂ ಕಾಣಸ್ತು. ನಿನ್ನ ಸಲುವಾಗಿ ಕಿಡಕಿ ಮುಚ್ಚಿ ಕುಂತಿದ್ದೆ. ಬಳೆ, ನೀ ಹೇಳಿದಂಗ. ಒಳಗ ನೀಲಿ, ಹೊರಗ ಕೆಂಪು."

ಶಂಕರಲಿಂಗಗ ನೆಲ ಬಾಯಿ ಬಿಟ್ಟಂಗಾತು. ಆದ್ರ ಈ ಸಲ ಅವ ಮಾತು ನುಂಗಲಿಲ್ಲ. ಒಳಗ ಕುಂಡ್ರಿಸಿ ಎಲ್ಲಾ ಹೇಳಿದ. ಬಲಗಣ್ಣು ಹೋಗ್ಯದ ಅಂದ. ಅದು ಬೆಳಕಲ್ಲವ್ವಾ, ರೋಗ ಅಂದ. "ನಾಳೆ ಮುಂಜಾನಿ ಹೋಗೋಣು. ಒಂದು ಸಣ್ಣ ಕಿಂಡಿ, ಅಷ್ಟ. ನಿನ್ನ ಕಣ್ಣು ಉಳೀತಾವ."

ಅಕಿ ಮಗನ ಕೆಂಪ ಕಣ್ಣು ನೋಡಿದಳು. ಮುಟ್ಟಾಕ ಕೈ ಎತ್ತಿ, ಕೆಳಗ ಬಿಟ್ಟಳು.

"ನಿಂಗ ಕಂಡ್ರ ಶಿವ," ಅಂದಳು. "ನಂಗ ಕಂಡ್ರ ರೋಗ?"

"ಅವ್ವಾ, ನಂಗೂ ರೋಗನ. ನಂಗ ಯಾವಾಗೋ ಗೊತ್ತಾಗಿತ್ತು. ಲಾರಿ ದೀಪದ ಸುತ್ತ ಕಂಡಿತ್ತವ್ವಾ, ಢಾಬಾದ ಬಲ್ಬಿನ ಸುತ್ತ ಕಂಡಿತ್ತು."

"ಮತ್ತ ಆವಾಗ ಯಾಕ ಹೇಳಲಿಲ್ಲ?"

"ಮನಿತುಂಬ ಮಂದಿ ಇದ್ರು. ನೀ ನಕ್ಕೋಂತ ಕುಂತಿದ್ದಿ."

ಮನೀಷಾ ಅಡಗಿಮನಿ ಬಾಗಿಲಾಗ ನಿಂತು ಅಳಾಕತ್ತಿದ್ದಳು.

"ಇವತ್ತೂ ನಗಾಕತ್ತಿದ್ನೆಲ್ಲೋ," ಅಂದಳು ಅವ್ವ. "ಇವತ್ತೂ ಸುಮ್ಮ ಇರಬೇಕಿತ್ತು."

ಎದ್ದು ಜಗಲಿ ಖೋಲಿಗೆ ಹೋದಳು. ಒಳಗಿಂದ ಅಗಳಿ ಹಾಕಿದ ಸಪ್ಪಳ ಕೇಳಸ್ತು. ಶಂಕರಲಿಂಗ ಓಡಿಹೋಗಿ ಬಾಗಿಲ ಬಡದ, ಹೆಗಲ ಕೊಟ್ಟ, ಹಳೀ ಸಾಗವಾನಿ ಬಾಗಿಲ, ಜಗ್ಗಲಿಲ್ಲ. ಒಳಗಿನ ಕತ್ತಲ ಎಂಥಾದ್ದು, ಅದು ಈಗ ಅಕಿ ಕಣ್ಣಾಗ ಏನು ಮಾಡಾಕತ್ತದ ಅಂತ ಆ ಮನ್ಯಾಗ ಅವನಷ್ಟು ಬಲ್ಲವರು ಇನ್ಯಾರೂ ಇರಲಿಲ್ಲ.

"ಅವ್ವಾ, ಬಾಗಿಲ ತಗೀಬ್ಯಾಡ," ಅಂದ, ಹಣಿ ಕಟಗಿಗೆ ಹಚ್ಚಿ. "ನನ್ನ ಮಾರಿ ನೋಡಬ್ಯಾಡ. ಕಿಡಕಿನರ ತಗಿ."

ಅಕಿ ತಗೀಲಿಲ್ಲ.